ಆದವಾನಿಯಲ್ಲಿ ಬ್ಲೂಗ್ರಾಸ್, ಮಂತ್ರಾಲಯದಲ್ಲಿ ಭಜನೆ

1973ರ ಅಕ್ಟೋಬರ್ 8ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರದ ‘ಬೋರ್ಡಿಂಗ್ ಹೌಸ್’ ಎಂಬ ಸಭಾಂಗಣದಲ್ಲಿ ಐವರು ಕಲಾವಿದರು ಕೂಡಿ ಹಾಡಿದರು, ನುಡಿಸಿದರು. ಬ್ಯಾಂಜೊ ಜೆರ್ರಿ ಗಾರ್ಸಿಯಾ ಅವರದು, ಮ್ಯಾಂಡೊಲಿನ್ ಡೇವಿಡ್ ಗ್ರಿಸ್‌ಮನ್ ಅವರದು. ಗಿಟಾರ್ ಪೀಟರ್ ರೋವನ್, ಪಿಟೀಲು ವಾಸರ್ ಕ್ಲೆಮೆಂಟ್ಸ್, ನಿಂತು ನುಡಿಸುವ ದೊಡ್ಡ ಬೇಸ್ ಜಾನ್ ಕಾನ್. ಎಲೆಕ್ಟ್ರಿಕ್ ಗಿಟಾರ್ ಇಲ್ಲ, ಡ್ರಮ್ಮೂ ಇಲ್ಲ. ಓಸ್ಲಿ ಸ್ಟ್ಯಾನ್ಲಿ ಎಂಬ ಧ್ವನಿತಜ್ಞರು ಅದನ್ನು ಟೇಪಿನಲ್ಲಿ ಹಿಡಿದಿಟ್ಟರು. 1975ರಲ್ಲಿ ಆ ಕಛೇರಿ ‘ಓಲ್ಡ್ ಆ್ಯಂಡ್ ಇನ್ ದ ವೇ’ ಎಂಬ ಎಲ್‌ಪಿಯಾಗಿ ಹೊರಬಂತು. ಬ್ಲೂಗ್ರಾಸ್ ಎಂಬ ಅಮೆರಿಕದ ತಂತಿವಾದ್ಯಗಳ ಸಂಗೀತದಲ್ಲಿ ಬಹಳ ಕಾಲ ಜನ ಹೆಚ್ಚು ಕೊಂಡ ಪ್ಲೇಟುಗಳಲ್ಲಿ ಅದೂ ಒಂದು.

ಈ ಪ್ಲೇಟನ್ನು ಆದವಾನಿಯ ಮನೆಯಲ್ಲಿ ಹಚ್ಚಿ ಕೂತಾಗಲೆಲ್ಲ ನನ್ನ ಮನಸ್ಸು ಹೋಗುವುದು ನಮ್ಮ ಸೀಮೆಯ ಏಕಾದಶಿ ಭಜನೆಯ ಕಡೆಗೆ. ಕರ್ನೂಲು ಜಿಲ್ಲೆಯ ಈ ಪಡುವಣ ಭಾಗ ದಾಸರ ನೆಲ. ವಿಜಯದಾಸರು ಕೊನೆಯ ದಿನಗಳನ್ನು ಕಳೆದು 1755ರಲ್ಲಿ ದೇಹ ಬಿಟ್ಟದ್ದು ಇಲ್ಲಿನ ಚಿಪ್ಪಗಿರಿಯಲ್ಲಿ. ಗುರುಜಗನ್ನಾಥದಾಸರು ಕೌತಾಳದವರು. ತುಂಗಭದ್ರೆಯ ದಂಡೆಯ ಮಂತ್ರಾಲಯದಲ್ಲಿ 1671ರಲ್ಲಿ ರಾಘವೇಂದ್ರ ಸ್ವಾಮಿಗಳು ವೃಂದಾವನಸ್ಥರಾದರು. ಆದವಾನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಅಂಗಡಿಯಲ್ಲಿ ತೆಲುಗು ಮಾತಾಡುವ ಎಷ್ಟೋ ಮನೆಗಳಲ್ಲಿ ದೇವರ ಮುಂದೆ ಹಾಡುವುದು ಇಂದಿಗೂ ಕನ್ನಡದ ದಾಸರ ಪದಗಳನ್ನೇ.

ಭಜನೆಗೆ ಕೂತವರನ್ನು ಗಮನಿಸಿ ನೋಡಿ. ಒಬ್ಬರು ಪಲ್ಲವಿ ಎತ್ತಿಕೊಡುತ್ತಾರೆ, ಉಳಿದವರು ಹಿಡಿಯುತ್ತಾರೆ. ಹಾರ್ಮೋನಿಯಂ ನುಡಿಸುವವರ ಕಣ್ಣು ತಾಳ ಹಾಕುವವರ ಕೈಮೇಲೆ ಇರುತ್ತದೆ. ತಂಬೂರಿ ಎಲ್ಲದರ ಕೆಳಗೆ ಒಂದೇ ಸಮನೆ ಮಿಡಿಯುತ್ತಿರುತ್ತದೆ. ಒಬ್ಬರ ದನಿ ಮುಂದೆ ಬಂದಾಗ ಮಿಕ್ಕವರು ತಾವಾಗಿ ತಗ್ಗುತ್ತಾರೆ. ಅಲ್ಲಿ ದನಿಯನ್ನು ಏರಿಸಿ ಇಳಿಸುವವರು ಹಾಡುವವರೇ.

ಬ್ಲೂಗ್ರಾಸ್‌ನ ಜೀವಾಳವೂ ಇದೇ. ಕೆಂಟಕಿಯ ಬಿಲ್ ಮನ್ರೊ 1939ರಲ್ಲಿ ‘ಬ್ಲೂ ಗ್ರಾಸ್ ಬಾಯ್ಸ್’ ಎಂಬ ಮೇಳ ಕಟ್ಟಿದರು. 1945ರಲ್ಲಿ ಅರ್ಲ್ ಸ್ಕ್ರಗ್ಸ್ ತಮ್ಮ ಮೂರು ಬೆರಳಿನ ಬ್ಯಾಂಜೊ ವರಸೆಯೊಂದಿಗೆ ಬಂದು ಸೇರಿದ ಮೇಲೆ ಆ ಸಂಗೀತಕ್ಕೆ ಇಂದಿನ ರೂಪ ಬಂತು. ಇಡೀ ಮೇಳ ಒಂದೇ ಮೈಕಿನ ಮುಂದೆ ನಿಂತು ನುಡಿಸುವುದು ಆಗಿನ ಪದ್ಧತಿ. ಸರದಿ ಬಂದವರು ಒಂದು ಹೆಜ್ಜೆ ಮುಂದೆ ಬಂದು ನುಡಿಸಿ ಹಿಂದೆ ಸರಿಯುತ್ತಿದ್ದರು. ನಾಲ್ಕು ದನಿ ಕೂಡಿದ ಭಕ್ತಿಗೀತೆಗಳೂ ಆ ಕಛೇರಿಗಳ ಭಾಗವಾಗಿದ್ದವು.

ಬ್ಯಾಂಜೊ ಮೂಲದಲ್ಲಿ ಆಫ್ರಿಕದಿಂದ ಗುಲಾಮರಾಗಿ ಒಯ್ಯಲ್ಪಟ್ಟವರ ವಾದ್ಯ. ಅದರ ಐದನೆಯ ತಂತಿ ಮಿಕ್ಕವುಗಳಿಗಿಂತ ಗಿಡ್ಡ, ಅದರ ಬಿರಡೆ ಇರುವುದು ಕುತ್ತಿಗೆಯ ನಡುವೆ. ಹೆಬ್ಬೆರಳು ಅದನ್ನು ಮತ್ತೆ ಮತ್ತೆ ಮೀಟುತ್ತದೆ, ಆದರೆ ಅದರ ಸ್ವರ ಸಾಮಾನ್ಯವಾಗಿ ಬದಲಾಗುವುದಿಲ್ಲ. ಸ್ವರಗಳು ಎಷ್ಟು ವೇಗವಾಗಿ ಓಡಿದರೂ ಮೇಲೊಂದು ಶ್ರುತಿ ಕದಲದೆ ನಿಂತಿರುತ್ತದೆ. ದಾಸರ ಏಕತಾರಿಯನ್ನು ಕೇಳಿ ಬೆಳೆದ ಕಿವಿಗೆ ಬ್ಲೂಗ್ರಾಸ್ ಪರಕೀಯ ಅನ್ನಿಸದಿರುವುದಕ್ಕೆ ಇದೇ ಮುಖ್ಯ ಕಾರಣವೆಂದು ನನ್ನ ಗಟ್ಟಿ ನಂಬಿಕೆ.

ಇಂಥ ಸಂಗೀತವನ್ನು ಒಳ್ಳೆಯ ಎಲ್‌ಪಿಯಲ್ಲಿ ಕೇಳಿದಾಗ ವಾದ್ಯದ ಜೊತೆಗೆ ವಾದ್ಯ ಇದ್ದ ಜಾಗವೂ ಕೇಳಿಸುತ್ತದೆ. ಪಿಟೀಲು ಯಾವ ಕಡೆ ಇದೆ, ಬೇಸ್ ಎಷ್ಟು ಹಿಂದಿದೆ, ಕೊನೆಯ ಸಾಲಿನವರ ಚಪ್ಪಾಳೆ ಗೋಡೆಗೆ ತಾಗಿ ಹೇಗೆ ಮರಳುತ್ತದೆ, ಇವೆಲ್ಲ ತಿಳಿಯುತ್ತವೆ. ಸ್ಟೀರಿಯೊ ಪ್ಲೇಟಿನ ಗೀರಿಗೆ ಎರಡು ಗೋಡೆ. ಒಂದರಲ್ಲಿ ಎಡದ ದನಿ, ಇನ್ನೊಂದರಲ್ಲಿ ಬಲದ ದನಿ. ವಜ್ರದ ಮುಳ್ಳು ಎರಡನ್ನೂ ಒಟ್ಟಿಗೆ ಓದುತ್ತದೆ. ಇದರ ಮೂಲ ಕಲ್ಪನೆ ಅಲನ್ ಬ್ಲಮ್‌ಲೈನ್ ಎಂಬ ಇಂಗ್ಲಿಷ್ ಎಂಜಿನಿಯರ್ 1931ರಲ್ಲಿ ಸಲ್ಲಿಸಿದ ಪೇಟೆಂಟ್‌ನಲ್ಲಿದೆ. ಎರಡು ಮೈಕುಗಳನ್ನು ಒಂದೇ ಜಾಗದಲ್ಲಿ ಅಡ್ಡಡ್ಡ ಇಟ್ಟು ಇಡೀ ಕೋಣೆಯ ಧ್ವನಿ ಹಿಡಿಯುವ ವಿಧಾನಕ್ಕೆ ಇಂದಿಗೂ ಅವರದೇ ಹೆಸರು. ಅವರು ಕೆಲಸ ಮಾಡಿದ ಇಎಂಐ, ನಮ್ಮ ಹಿರಿಯರು ‘ನಾಯಿ ಮಾರ್ಕು’ ಎಂದು ಕರೆಯುತ್ತಿದ್ದ ಹೆಚ್‌ಎಂವಿ ಪ್ಲೇಟುಗಳ ಮಾತೃಸಂಸ್ಥೆಯಾಗಿತ್ತು.

‘ಆಡಿಯೊಫೈಲ್’ ಎಂಬ ಚೀಟಿ ಅಂಟಿಸಿದ ಪ್ಲೇಟುಗಳು ಸಾಮಾನ್ಯವಾಗಿ 180 ಗ್ರಾಂ ತೂಗುತ್ತವೆ. ತೂಕಕ್ಕೆ ಮರುಳಾಗಬೇಡಿ. ಮೂಲ ಟೇಪಿನಿಂದ ಎಚ್ಚರದಿಂದ ಕೆತ್ತಿದ್ದಾರೆಯೇ, ಅಚ್ಚು ಶುದ್ಧವಾಗಿದೆಯೇ ಎಂಬುದು ಮುಖ್ಯ. ಸದ್ದುಗದ್ದಲವಿಲ್ಲದ ಹಿನ್ನೆಲೆ ಬೇಕಾದವರಿಗೆ ಸಿಡಿಯೇ ಮೇಲು. ಎಲ್‌ಪಿ ನನಗೆ ಇಷ್ಟವಾಗುವುದು ಅದು ಸುಮಾರು 20 ನಿಮಿಷ ನನ್ನನ್ನು ಒಂದೇ ಕಡೆ ಕೂಡಿಸುತ್ತದೆ ಎಂಬುದಕ್ಕೆ. ಹಾಡು ದಾಟಿಸಿ ಮುಂದೆ ಹೋಗುವ ಚಪಲ ಅಲ್ಲಿ ತಾನಾಗಿ ಅಡಗುತ್ತದೆ.

ನಮ್ಮೂರಲ್ಲಿ ಪ್ಲೇಟು ಸಾಕುವುದು ಸುಲಭವಲ್ಲ. ಆದವಾನಿ ಹತ್ತಿಯ ಊರು. ಜಿನ್ನಿಂಗ್ ಮಿಲ್ಲುಗಳು ನಡೆಯುವ ಕಾಲಕ್ಕೆ ಅರಳೆಯ ಎಳೆ ಗಾಳಿಯಲ್ಲೇ ಇರುತ್ತದೆ. ಒಣ ಹವೆಗೆ ವಿನೈಲ್‌ನಲ್ಲಿ ಸ್ಥಿರವಿದ್ಯುತ್ ಹುಟ್ಟಿ ಆ ಎಳೆಯನ್ನು, ಧೂಳನ್ನು ಎಳೆದುಕೊಳ್ಳುತ್ತದೆ. ಪ್ರತಿ ಸಲ ಹಚ್ಚುವ ಮುನ್ನ ಕಾರ್ಬನ್ ನಾರಿನ ಬ್ರಷ್ಷಿನಿಂದ ಒರೆಸಲೇಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿದು. ಬಿಸಿಲು ಬೀಳುವ ಕಿಟಕಿಯ ಬಳಿಯೋ ನಿಲ್ಲಿಸಿದ ಕಾರಿನೊಳಗೋ ಬಿಟ್ಟರೆ ಪ್ಲೇಟು ಸೊಟ್ಟಗಾಗುತ್ತದೆ. ಮಲಗಿಸಿ ಒಂದರ ಮೇಲೊಂದು ಪೇರಿಸಬೇಡಿ, ನೆಟ್ಟಗೆ ನಿಲ್ಲಿಸಿ. ಅಜ್ಜನ ಕಾಲದ 78ರ ಪ್ಲೇಟುಗಳಿದ್ದರೆ ಸ್ಪಿರಿಟ್ ಹಾಕಿ ಒರೆಸಲೇಬೇಡಿ. ಅವು ಅರಗಿನವು, ಸ್ಪಿರಿಟ್‌ಗೆ ಅರಗು ಕರಗುತ್ತದೆ.

ವಾದ್ಯದ ಜೊತೆಗೆ ಜಾಗವೂ ಕೇಳಿಸುವಂತೆ ನಮ್ಮ ದೇಶದ ಸಂಗೀತವನ್ನೂ ಹಿಡಿದವರಿದ್ದಾರೆ. 1992ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಬಾರ್ಬರಾದ ಒಂದು ಪ್ರಾರ್ಥನಾ ಮಂದಿರದಲ್ಲಿ ಮೋಹನವೀಣೆಯ ವಿಶ್ವಮೋಹನ ಭಟ್ ಮತ್ತು ಗಿಟಾರಿನ ರೈ ಕೂಡರ್ ಎದುರುಬದುರು ಕೂತರು. ಅವರ ಪರಿಚಯವಾಗಿ ಆಗಿನ್ನೂ ಕೆಲವೇ ಹೊತ್ತಾಗಿತ್ತು. ವಾಟರ್ ಲಿಲಿ ಅಕೌಸ್ಟಿಕ್ಸ್‌ನ ಕವಿ ಅಲೆಕ್ಸಾಂಡರ್ ವಾಲ್ವ್ ಉಪಕರಣಗಳಿಂದ ನೇರವಾಗಿ ಅನಲಾಗ್ ಟೇಪಿಗೆ ಇಳಿಸಿದರು. ‘ಎ ಮೀಟಿಂಗ್ ಬೈ ದ ರಿವರ್’ ಎಂಬ ಆ ಆಲ್ಬಂ 1994ರಲ್ಲಿ ಗ್ರ್ಯಾಮಿ ಪಡೆಯಿತು. ಮುಂದೆ ಅದೇ ಸಂಸ್ಥೆ ಭಟ್ಟರನ್ನು ಬ್ಲೂಗ್ರಾಸ್‌ನಲ್ಲಿ ಪಳಗಿದ ಡೊಬ್ರೊ ವಾದಕ ಜೆರ್ರಿ ಡಗ್ಲಸ್ ಜೊತೆಗೂ ಬ್ಯಾಂಜೊದ ಬೇಲಾ ಫ್ಲೆಕ್ ಜೊತೆಗೂ ಕೂಡಿಸಿ ಧ್ವನಿಮುದ್ರಿಸಿತು. ಮೋಹನವೀಣೆಯೂ ಬ್ಯಾಂಜೊವೂ ಒಂದೇ ಗಾಳಿಯಲ್ಲಿ ಮಿಡಿದದ್ದನ್ನು ಕೇಳಬೇಕೆನ್ನುವವರು ಅಲ್ಲಿಂದ ಶುರುಮಾಡಬಹುದು.

ನಮ್ಮ ಮಂತ್ರಾಲಯಕ್ಕೂ ಅಂಥ ಧ್ವನಿಮುದ್ರಣದ ಭಾಗ್ಯ ಸಿಗಬೇಕಿತ್ತು. ರಾಯರ ಭಕ್ತರಾಗಿದ್ದ ಭೀಮಸೇನ ಜೋಶಿಯವರು ಆರಾಧನೆಗೆ ಬಂದು ಹಾಡುತ್ತಿದ್ದರು. ಅವರ ದಾಸವಾಣಿಯ ಧ್ವನಿಮುದ್ರಿಕೆಗಳು ಮನೆಮನೆ ತಲುಪಿದವು, ದಾಸರ ಪದಗಳಿಗೆ ಅವು ಮಾಡಿದ ಉಪಕಾರ ದೊಡ್ಡದು. ಆದರೆ ಸ್ಟುಡಿಯೊದ ಅಚ್ಚುಕಟ್ಟಿನಲ್ಲಿ ಸಿಗದ್ದೊಂದಿದೆ. ಹಾಡಿನ ನಡುವೆ ಕೇಳುಗರು ‘ಆಹಾ’ ಎನ್ನುವುದು, ತಾಳದವರು ಲಯವನ್ನು ಕೊಂಚ ಮುಂದೆ ತಳ್ಳುವುದು, ಹಿಂದೆ ಕೂತ ಮುದುಕಿಯೊಬ್ಬಳು ಕೊನೆಯ ನುಡಿಗೆ ದನಿ ಸೇರಿಸುವುದು ಅಲ್ಲಿ ಬರುವುದಿಲ್ಲ. ಈಚೆಗೆ ಭಜನೆಯ ಜಾಗಕ್ಕೂ ಆಂಪ್ಲಿಫೈಯರ್, ಕೀಬೋರ್ಡ್, ರಿದಂ ಪ್ಯಾಡ್ ಬಂದು ಕೂತಿವೆ. ಪ್ರತಿಯೊಬ್ಬರ ಬಾಯಿಗೊಂದು ಮೈಕು. ಒಬ್ಬರ ದನಿ ಇನ್ನೊಬ್ಬರಿಗೆ ಕೇಳಿಸುವುದೇ ಸ್ಪೀಕರಿನ ಮೂಲಕ. ಇದು ಭಜನೆಗೆ ಒಳ್ಳೆಯದಲ್ಲವೆಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ಕೋಸಿಗಿ, ಕೌತಾಳ, ಚಿಪ್ಪಗಿರಿ, ಆದವಾನಿಯ ಭಜನಾ ಮಂಡಳಿಗಳಲ್ಲಿ ಮತ್ತು ಮನೆಗಳಲ್ಲಿ ಹಳೆಯ ಧಾಟಿ ಬಲ್ಲ ಹಿರಿಯರು ಇನ್ನೂ ಇದ್ದಾರೆ. ಮನೆಯ ಹುಡುಗ ಹುಡುಗಿಯರಿಗೆ ನನ್ನದೊಂದು ವಿನಂತಿ. ಮುಂದಿನ ಏಕಾದಶಿಗೆ ಎರಡು ಒಳ್ಳೆಯ ಮೈಕು, ಒಂದು ರೆಕಾರ್ಡರ್ ಹೊಂದಿಸಿಕೊಳ್ಳಿ. ಸ್ಪೀಕರ್ ಬೇಡ, ಫ್ಯಾನ್ ನಿಲ್ಲಿಸಿ. ಮೈಕುಗಳನ್ನು ಹಾಡುವವರ ಎದುರಿಗೆ, ಎಲ್ಲರ ದನಿಯೂ ಸಮನಾಗಿ ಕೇಳಿಸುವ ಜಾಗದಲ್ಲಿ ಇಡಿ. ಹಾಡಿದವರ ಹೆಸರು, ಊರು, ಪದದ ಅಂಕಿತ, ರಾಗ, ತಾಳ, ದಿನಾಂಕ ಬರೆದಿಡಿ. ಕುಗ್ಗಿಸದ ಮೂಲ ಫೈಲನ್ನು ಎರಡು ಕಡೆ ಕಾಪಾಡಿ. ಅದರಿಂದ ಪ್ಲೇಟು ಒತ್ತಿಸುವುದು ಹತ್ತು ವರ್ಷದ ನಂತರವೂ ಆದೀತು, ಧ್ವನಿಮುದ್ರಣ ಮಾತ್ರ ಈ ವರ್ಷವೇ ಆಗಬೇಕು.