ಗುರುಮಠಕಲ್ಲಿನ ಮಾಗಿಯ ಗಾಳಿ

ಮಾಗಿಯಲ್ಲಿ ಗುರುಮಠಕಲ್ಲಿಗೆ ಬರುವ ಅತಿಥಿಗಳು ರುಮಾಲನ್ನು ಗದ್ದಕ್ಕೆ ಬಿಗಿದೇ ಬರತಕ್ಕದ್ದು. ಈಶಾನ್ಯದ ಒಣಗಾಳಿಯು ಅದನ್ನು ಹಾರಿಸಿತೆಂದರೆ ನೈಋತ್ಯದ ಯಾದಗಿರಿಯಲ್ಲಿಯೇ ಹುಡುಕಬೇಕು! ಗಾಳಿಗೆ ಬೆನ್ನುಕೊಟ್ಟು ಓಡಿದವನು ತನ್ನ ಕೂಗಿಗಿಂತ ಮೊದಲೇ ಊರು ಸೇರುವನು. ಎದುರಾಗಿ ಓಡಿದವನೋ, ಸಂಜೆಗೂ ಹೊರಟ ಹೊಸ್ತಿಲಲ್ಲಿಯೇ ಇರುವನು. ರೊಟ್ಟಿ ಬಡಿಯುವ ಗೃಹಿಣಿಯರು ಹಿಟ್ಟಿನ ಮೇಲೆ ಗುಂಡುಕಲ್ಲಿಡುವರೆಂಬುದನ್ನು ಮಾತ್ರ ನಾವು ನಂಬಲೊಲ್ಲೆವು.

ಹಿಂದೆ ಕಣದಲ್ಲಿ ಇದನ್ನು ಬೈಯುವವರಿರಲಿಲ್ಲ. ತೊಗರಿ ತೂರುವಾಗ ಗಾಳಿ ನಿಂತರೆ ಹೊಟ್ಟು ಕಾಳನ್ನು ಬಿಡದು, ರಾಶಿ ಮನೆ ಸೇರದು. ಚಳಿಯಲ್ಲಿ ಕಾವಲು ಮಲಗುವ ಕಷ್ಟ ಬೇರೆ. ಈಗೇನೋ ಯಂತ್ರಗಳು ಬಂದಿವೆ. ಆದರೆ ಹಿಂಗಾರಿನ ಬಿಳಿಜೋಳಕ್ಕೆ ಯಂತ್ರವೇನು ಮಾಡೀತು? ಎರೆನೆಲದಲ್ಲಿ ಉಳಿದ ಹಸಿಯನ್ನು ಈ ಗಾಳಿಯು ಹೀರಿತೆಂದರೆ ತೆನೆ ಬಡವಾಗುವುದು. ಆದುದರಿಂದಲೇ ರೈತನು ಸಾಲುಗಳ ನಡುವೆ ಎಡೆ ಹೊಡೆದು, ನೆಲದ ಬಿರುಕುಗಳನ್ನು ಮುಚ್ಚುತ್ತಿರುವನು.