ಮನೆಯಲ್ಲೇ ಪಾಠ: 6ನೇ ತರಗತಿ ನಂತರದ ಗಣಿತಕ್ಕೆ ಯಾವ ಪುಸ್ತಕ? ಕೊಳ್ಳುವ ಮೊದಲು ಈ ಎರಡು ವಿಷಯ ನೋಡಿ

ಶಿವಮೊಗ್ಗ: ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ಪೋಷಕರಿಗೆ 5ನೇ ತರಗತಿ ತನಕ ಗಣಿತ ಅಷ್ಟೇನೂ ತಲೆನೋವಲ್ಲ. ಕೂಡೋದು, ಕಳೆಯೋದು, ಮಗ್ಗಿ, ತೂಕ, ಅಳತೆ, ದುಡ್ಡಿನ ಲೆಕ್ಕ ಇದನ್ನೆಲ್ಲ ಅಡುಗೆಮನೆ, ಅಂಗಡಿ, ತೋಟದಲ್ಲೇ ಕಲಿಸಬಹುದು. ತೊಡಕು ಶುರುವಾಗೋದು 6–7ನೇ ತರಗತಿಯ ಮಟ್ಟದಲ್ಲಿ. ಸೊನ್ನೆಗಿಂತ ಕೆಳಗಿನ ಸಂಖ್ಯೆಗಳು ಬರುತ್ತವೆ, ಸಂಖ್ಯೆಯ ಜಾಗದಲ್ಲಿ ಅಕ್ಷರ ಬಂದು ಕೂರುತ್ತದೆ. ಬೀಜಗಣಿತದ ಬಾಗಿಲು ಇದೇ.

ಇಲ್ಲಿ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ, ಯಾವ ಪುಸ್ತಕ ತಗೋಬೇಕು ಅಂತ. ಅದಕ್ಕೂ ಮೊದಲು ಉತ್ತರ ಕಂಡುಕೊಳ್ಳಬೇಕಾದ ಎರಡು ಪ್ರಶ್ನೆಗಳಿವೆ. ಮಗು ಈಗ ಎಲ್ಲಿ ನಿಂತಿದೆ? 10ನೇ ತರಗತಿ ಪರೀಕ್ಷೆ ಎಲ್ಲಿ ಬರೆಯುತ್ತದೆ? ಈ ಎರಡು ಗೊತ್ತಾದರೆ ಪುಸ್ತಕದ ಆಯ್ಕೆ ಅರ್ಧ ಮುಗಿದ ಹಾಗೆ.

ಮಟ್ಟ ನೋಡಲು ಐದು ಲೆಕ್ಕ

ವಯಸ್ಸು ನೋಡಿ ಪುಸ್ತಕ ತರಬೇಡಿ. ಒಂದು ಹಾಳೆ, ಪೆನ್ಸಿಲ್ ಕೊಟ್ಟು ಈ ಐದು ಲೆಕ್ಕ ಮಾಡಿಸಿ. ಉತ್ತರದ ಜೊತೆಗೆ ಮಗು ಹೇಗೆ ಮಾಡಿತು ಅನ್ನೋದನ್ನೂ ಗಮನಿಸಿ.

1. 3/4 ಮತ್ತು 2/5 ಕೂಡಿಸು. ಸರಿ ಉತ್ತರ 23/20. ಮಗು 5/9 ಅಂತ ಬರೆದರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದೆ. ಅಂದರೆ ಭಿನ್ನರಾಶಿ ಇನ್ನೂ ಅರ್ಥವಾಗಿಲ್ಲ.

2. –7ರಿಂದ –3 ಕಳೆ. ಉತ್ತರ –4. –10 ಬಂದರೆ ಪೂರ್ಣಾಂಕಗಳ ಪಾಠಕ್ಕೆ ವಾಪಸ್ ಹೋಗಬೇಕು.

3. 12 ಪೆನ್ನಿಗೆ 90 ರೂಪಾಯಿ ಆದರೆ 20 ಪೆನ್ನಿಗೆ ಎಷ್ಟು? ಉತ್ತರ 150. ಇದು ಅನುಪಾತದ ಪರೀಕ್ಷೆ.

4. ಪಹಣಿಯಲ್ಲಿ 1-10 ಅಂತಿದೆ, ಅಂದರೆ 1 ಎಕರೆ 10 ಗುಂಟೆ. ಇದನ್ನು ಎಕರೆಯ ದಶಮಾಂಶದಲ್ಲಿ ಬರೆ. 40 ಗುಂಟೆಗೆ ಒಂದು ಎಕರೆ, ಹಾಗಾಗಿ ಉತ್ತರ 1.25. 1.10 ಅಂತ ಬರೆದರೆ ದಶಮಾಂಶ ಅಂದರೇನು ಅನ್ನೋದು ಮಗುವಿಗೆ ಹಿಡಿದಿಲ್ಲ.

5. ಒಂದು ಸಂಖ್ಯೆಯ ಮೂರುಪಟ್ಟಿಗೆ 5 ಸೇರಿಸಿದರೆ 26. ಸಂಖ್ಯೆ ಯಾವುದು? ಉತ್ತರ 7. ಊಹಿಸುತ್ತಾ ಹೋಗಿ 7ಕ್ಕೆ ಬಂತಾ, ಅಥವಾ 26ರಲ್ಲಿ 5 ಕಳೆದು 3ರಿಂದ ಭಾಗಿಸಿತಾ ನೋಡಿ. ಎರಡನೇ ದಾರಿ ಹಿಡಿದ ಮಗು ಸಮೀಕರಣಕ್ಕೆ ತಯಾರಾಗಿದೆ.

ಮೊದಲ ನಾಲ್ಕರಲ್ಲಿ ಎರಡು ತಪ್ಪಾದರೂ ಬೀಜಗಣಿತ ಶುರು ಮಾಡಬೇಡಿ. ಎರಡು ಮೂರು ತಿಂಗಳು 5–6ನೇ ತರಗತಿಯ ಆ ಅಧ್ಯಾಯಗಳನ್ನಷ್ಟೇ ಮಾಡಿಸಿ. ವಯಸ್ಸು 12 ಆಯ್ತು ಅಂತ ಅವಸರ ಮಾಡಿದರೆ ಮುಂದೆ 9ನೇ ತರಗತಿಯ ಬಹುಪದೋಕ್ತಿಗೆ ಬಂದಾಗ ಮಗು ನಿಂತುಬಿಡುತ್ತದೆ. ಆಗ ತಪ್ಪು ಬೀಜಗಣಿತದಲ್ಲಿದೆ ಅನ್ನಿಸುತ್ತದೆ, ನಿಜವಾದ ತೂತು ಭಿನ್ನರಾಶಿಯಲ್ಲಿರುತ್ತದೆ.

ಪರೀಕ್ಷೆ ಯಾವುದು?

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಮನೆಯಲ್ಲೇ ಓದಿಸುವುದರ ಬಗ್ಗೆ ಅದರಲ್ಲಿ ಪ್ರತ್ಯೇಕ ನಿಯಮ ಇಲ್ಲ. ಆದರೆ ಮುಂದಿನ ಓದಿಗೆ 10ನೇ ತರಗತಿಯ ಪ್ರಮಾಣಪತ್ರ ಬೇಕೇ ಬೇಕು.

ಕೇಂದ್ರ ಸರ್ಕಾರದ ಮುಕ್ತ ಶಾಲಾ ಸಂಸ್ಥೆ ಎನ್‌ಐಒಎಸ್ ಒಂದು ದಾರಿ. 14 ವರ್ಷ ತುಂಬಿದವರು ಅಲ್ಲಿ 10ನೇ ತರಗತಿಗೆ ನೋಂದಾಯಿಸಬಹುದು. ವರ್ಷಕ್ಕೆ ಎರಡು ಸಲ, ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್‌ನಲ್ಲಿ ಪರೀಕ್ಷೆ ಇರುತ್ತದೆ. ಐದು ವರ್ಷದೊಳಗೆ ಒಂದೊಂದೇ ವಿಷಯ ಬರೆದು ಮುಗಿಸಲೂ ಅವಕಾಶವಿದೆ. ಎಸ್‌ಎಸ್‌ಎಲ್‌ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯೋದು ಇನ್ನೊಂದು ದಾರಿ. ಕೇಂಬ್ರಿಡ್ಜ್‌ನ ಐಜಿಸಿಎಸ್‌ಇಯನ್ನೂ ಖಾಸಗಿಯಾಗಿ ಬರೆಯಬಹುದು. ಆದರೆ ಶುಲ್ಕ ಜಾಸ್ತಿ, ಎಲ್ಲ ಕೇಂದ್ರಗಳೂ ಹೊರಗಿನ ಮಕ್ಕಳನ್ನು ತಗೊಳ್ಳೋದಿಲ್ಲ.

ಯಾವ ಪುಸ್ತಕ ಯಾರಿಗೆ?

ಎಸ್‌ಎಸ್‌ಎಲ್‌ಸಿ ಗುರಿಯಾದರೆ ರಾಜ್ಯದ ಪಠ್ಯಪುಸ್ತಕವೇ ಸಾಕು. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟ್‌ನಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಉಚಿತವಾಗಿ ಸಿಗುತ್ತದೆ. 10ನೇ ತರಗತಿಯ ಗಣಿತ ಪುಸ್ತಕ ಎನ್‌ಸಿಇಆರ್‌ಟಿಯದನ್ನೇ ಆಧರಿಸಿದ್ದು. ಹಾಗಾಗಿ ಎನ್‌ಸಿಇಆರ್‌ಟಿ ಓದಿದ ಮಗು ಇಲ್ಲಿಗೆ ಬಂದರೆ ಹೆಚ್ಚು ಪರದಾಡಬೇಕಿಲ್ಲ.

ಎನ್‌ಸಿಇಆರ್‌ಟಿಯ ಹೊಸ ‘ಗಣಿತ ಪ್ರಕಾಶ್’ 6ನೇ ತರಗತಿಗೆ 2024ರಲ್ಲಿ, 7 ಮತ್ತು 8ಕ್ಕೆ 2025ರಲ್ಲಿ ಬಂತು. ಸೂತ್ರ ಕೊಟ್ಟು ಲೆಕ್ಕ ಮಾಡಿಸುವ ಬದಲು ವಿನ್ಯಾಸ, ಒಗಟು, ಮಾತುಕತೆಯಿಂದ ಪಾಠ ಶುರುವಾಗುತ್ತದೆ. ಮಗುವಿನ ಜೊತೆ ಕೂತು ಮಾತಾಡೋಕೆ ಸಮಯ ಇರುವ ಮನೆಗೆ ಇದು ಒಳ್ಳೆಯದು. ಪೋಷಕರು ಕೆಲಸಕ್ಕೆ ಹೋಗಿ, ಮಗು ಒಂದೇ ಕೂತು ಓದಬೇಕಾದ ಮನೆಯಲ್ಲಿ ಅಭ್ಯಾಸದ ಲೆಕ್ಕ ಕಮ್ಮಿ ಅನ್ನಿಸಬಹುದು. ಅಂಥವರು ಹಳೆಯ ಎನ್‌ಸಿಇಆರ್‌ಟಿ ಅಥವಾ ರಾಜ್ಯ ಪುಸ್ತಕದ ಅಭ್ಯಾಸಗಳನ್ನು ಪಕ್ಕದಲ್ಲಿ ಇಟ್ಟುಕೊಂಡರೆ ಆಯ್ತು.

ಎನ್‌ಐಒಎಸ್ ಗಣಿತಕ್ಕೆ ಅದರದೇ ಪುಸ್ತಕಗಳಿವೆ. ಅವು 10ನೇ ತರಗತಿ ಮಟ್ಟದವು. ಅದಕ್ಕೂ ಮುಂಚಿನ ಎರಡು ಮೂರು ವರ್ಷಕ್ಕೆ ಮೇಲೆ ಹೇಳಿದ ಪುಸ್ತಕಗಳಲ್ಲಿ ಒಂದನ್ನು ಹಿಡಿಯಬೇಕು. ವಿಡಿಯೊ ಬೇಕಾದರೆ ಖಾನ್ ಅಕಾಡೆಮಿಯಲ್ಲಿ ಕನ್ನಡದಲ್ಲೂ ಗಣಿತ ಪಾಠಗಳಿವೆ, ಉಚಿತ. ಆದರೆ ವಿಡಿಯೊ ನೋಡೋದು ಬೇರೆ, ಕೈಯಲ್ಲಿ ಲೆಕ್ಕ ಮಾಡೋದು ಬೇರೆ.

ವಿದೇಶಿ ಪುಸ್ತಕ ತರಿಸುವ ಮುನ್ನ

ಅಮೆರಿಕದಲ್ಲಿ ಮನೆಯಲ್ಲೇ ಓದುವ ಮಕ್ಕಳಿಗಾಗಿ ಒಳ್ಳೆಯ ಪುಸ್ತಕಗಳಿವೆ. ‘ಸ್ಯಾಕ್ಸನ್’ ಸ್ವಲ್ಪ ಸ್ವಲ್ಪವೇ ಹೊಸದನ್ನು ಕಲಿಸಿ ಪ್ರತಿ ಪಾಠದಲ್ಲೂ ಹಳೆಯದನ್ನು ಮತ್ತೆ ಮಾಡಿಸುತ್ತದೆ. ಬೇಗ ಮರೆಯುವ ಮಕ್ಕಳಿಗೆ ಇದು ಹೊಂದುತ್ತದೆ. ‘ಆರ್ಟ್ ಆಫ್ ಪ್ರಾಬ್ಲಮ್ ಸಾಲ್ವಿಂಗ್’ ಮೊದಲು ಕಷ್ಟದ ಲೆಕ್ಕ ಕೊಟ್ಟು ಆಮೇಲೆ ವಿವರಿಸುತ್ತದೆ. ಗಣಿತದ ಹುಚ್ಚು ಇರುವ ಮಕ್ಕಳಿಗೆ ಅದು ಹಬ್ಬ, ಉಳಿದವರಿಗೆ ಬೇಸರ ತರಿಸಬಹುದು.

ತೊಂದರೆ ಇರೋದು ಪುಸ್ತಕದಲ್ಲಲ್ಲ, ಕ್ರಮದಲ್ಲಿ. ಅಲ್ಲಿ ಸಾಮಾನ್ಯವಾಗಿ ಬೀಜಗಣಿತ ಒಂದು ವರ್ಷ, ರೇಖಾಗಣಿತ ಮತ್ತೊಂದು ವರ್ಷ, ಮತ್ತೆ ಬೀಜಗಣಿತ ಒಂದು ವರ್ಷ. ನಮ್ಮಲ್ಲಿ ಎರಡೂ ಪ್ರತಿ ತರಗತಿಯಲ್ಲಿ ಸ್ವಲ್ಪ ಸ್ವಲ್ಪ ಬರುತ್ತವೆ. ಅಲ್ಲಿನ ಬೀಜಗಣಿತದ ವರ್ಷ ಮುಗಿಸಿ ನಡುವೆ ಇಲ್ಲಿನ 9ನೇ ತರಗತಿಗೆ ಬಂದ ಮಗುವಿಗೆ ಸಮೀಕರಣ ಸಲೀಸು, ತ್ರಿಭುಜದ ಪ್ರಮೇಯ ಮಾತ್ರ ಹೊಸದು. ಇಂಚು, ಪೌಂಡ್, ಡಾಲರ್ ಲೆಕ್ಕಗಳು ಬೇರೆ. ವಿದೇಶಿ ಪುಸ್ತಕ ಹಿಡಿದವರು 13 ವರ್ಷದೊಳಗೆ ಇಲ್ಲಿನ ಪಠ್ಯದ ಪರಿವಿಡಿ ಜೊತೆ ಹೋಲಿಸಿ, ಬಿಟ್ಟುಹೋದ ಅಧ್ಯಾಯಗಳನ್ನು ಪಟ್ಟಿ ಮಾಡಿಕೊಳ್ಳಬೇಕು.

ಪುಸ್ತಕ ಯಾವಾಗ ಬದಲಿಸಬೇಕು?

ಮಗು ಅತ್ತಿತು ಅಂತ ತಿಂಗಳಿಗೊಂದು ಪುಸ್ತಕ ಬದಲಿಸುವುದರಿಂದ ನಷ್ಟವೇ ಜಾಸ್ತಿ. ಮೊದಲು ಒಂದು ಲೆಕ್ಕ ಮಾಡಿಸಿ ನೋಡಿ. ಗೊತ್ತಿಲ್ಲದ ಸಂಖ್ಯೆ ‘ಕ’ ಅಂತಿಟ್ಟುಕೊಂಡರೆ, 2(ಕ + 3) = 14. ‘ಕ’ ಎಷ್ಟು? ಉತ್ತರ 4. ಮಗು 5.5 ಅಂದರೆ 2ರಿಂದ ‘ಕ’ವನ್ನು ಗುಣಿಸಿ, 3ನ್ನು ಹಾಗೇ ಬಿಟ್ಟಿದೆ. ಇದಕ್ಕೆ ಹೊಸ ಪುಸ್ತಕ ಬೇಡ, ಆವರಣ ಬಿಡಿಸೋದನ್ನು ಇನ್ನೊಮ್ಮೆ ಹೇಳಿಕೊಟ್ಟರೆ ಸಾಕು. ಮೂರು ತಿಂಗಳು ದಿನಾ 40–45 ನಿಮಿಷ ಮಾಡಿಸಿದ ಮೇಲೂ ಮಗು ವಿವರಣೆ ಓದಿ ಅರ್ಥ ಮಾಡಿಕೊಳ್ಳುತ್ತಿಲ್ಲ ಅಂದರೆ ಆಗ ಬದಲಿಸಿ.

ಗಣಿತ ಬಿಡೋಣ ಅನ್ನೋ ಮುನ್ನ

ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ ಕಡ್ಡಾಯ. ಎನ್‌ಐಒಎಸ್‌ನಲ್ಲಿ ಹಾಗಿಲ್ಲ, ಗಣಿತ ಇಲ್ಲದೆಯೂ ಐದು ವಿಷಯ ಪಾಸ್ ಮಾಡಿ ಪ್ರಮಾಣಪತ್ರ ಪಡೆಯಬಹುದು. ಕಷ್ಟಪಡುವ ಮಗುವಿಗೆ ಇದು ದೊಡ್ಡ ಸಮಾಧಾನ, ನಿಜ. ಆದರೆ ಪಾಲಿಟೆಕ್ನಿಕ್ ಡಿಪ್ಲೊಮಾಗೆ 10ರಲ್ಲಿ ಗಣಿತ, ವಿಜ್ಞಾನ ಓದಿರಲೇಬೇಕು. ಎಂಜಿನಿಯರಿಂಗ್‌ಗೆ ಪಿಯುನಲ್ಲಿ ಗಣಿತ ಬೇಕು, ಅದಕ್ಕೆ 10ರ ಗಣಿತವೇ ಬುನಾದಿ. 14ನೇ ವಯಸ್ಸಲ್ಲಿ ಅರ್ಜಿಯಲ್ಲಿ ಬಿಟ್ಟ ಒಂದು ವಿಷಯ 16ನೇ ವಯಸ್ಸಲ್ಲಿ ಬಾಗಿಲು ಮುಚ್ಚಬಹುದು. ಗಣಿತವನ್ನು ಆಮೇಲೆ ಹೆಚ್ಚುವರಿ ವಿಷಯವಾಗಿ ಬರೆಯೋ ಅವಕಾಶ ಇದ್ದರೂ, ಎರಡು ವರ್ಷ ಬಿಟ್ಟ ಲೆಕ್ಕವನ್ನು ಮತ್ತೆ ಹಿಡಿಯೋದು ಸುಲಭ ಅಲ್ಲ.

ಹಾಗಾಗಿ ಬಿಡೋ ಮಾತಿದ್ದರೆ ಮಗುವನ್ನೂ ಕೂರಿಸಿಕೊಂಡು, ಯಾವ ಯಾವ ಕೋರ್ಸ್ ಕೈತಪ್ಪುತ್ತದೆ ಅಂತ ಹೇಳಿ ತೀರ್ಮಾನಿಸಿ. ನೋಂದಣಿ ದಿನಾಂಕ, ಶುಲ್ಕ, ಹತ್ತಿರದ ಪರೀಕ್ಷಾ ಕೇಂದ್ರದ ಮಾಹಿತಿಯನ್ನು ಎನ್‌ಐಒಎಸ್ ವೆಬ್‌ಸೈಟ್ ಅಥವಾ ಬೆಂಗಳೂರಿನ ಅದರ ಪ್ರಾದೇಶಿಕ ಕೇಂದ್ರದಲ್ಲಿ, ಎಸ್‌ಎಸ್‌ಎಲ್‌ಸಿ ಆದರೆ ಬಿಇಒ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.