ನದಿಗೆ ನೀರು ಬಿಡುವ ಮುನ್ನ: ಮನೆಗೊಂದು ತುರ್ತು ಯೋಜನೆ

ಮರಿಯಮ್ಮನಹಳ್ಳಿ ಎಂದರೆ ನೀರಿಗೆ ಊರು ಬಿಟ್ಟುಕೊಟ್ಟವರು ಬಂದು ಸೇರಿದ ಊರು. ತುಂಗಭದ್ರಾ ಜಲಾಶಯ ಕಟ್ಟಿದಾಗ ನಾರಾಯಣದೇವರಕೆರೆ ಹಿನ್ನೀರಿನಲ್ಲಿ ಮುಳುಗಿತು. ಅಲ್ಲಿಯ ಅನೇಕ ಕುಟುಂಬಗಳು ಇಲ್ಲಿಗೆ ಬಂದು ಮನೆ ಕಟ್ಟಿಕೊಂಡವು. 1945ರಲ್ಲಿ ಆರಂಭವಾದ ಕೆಲಸ 1953ರವರೆಗೆ ನಡೆಯಿತು. ಊರು ಬಿಡಬೇಕಾದವರಿಗೆ ಸಂಕಟವಿತ್ತು, ಆದರೆ ಸಮಯವೂ ಇತ್ತು. 2024ರ ಆಗಸ್ಟ್ 10ರ ಶನಿವಾರ ರಾತ್ರಿ ಅದೇ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋದಾಗ ಕೆಳಗಿನ ಊರುಗಳ ಮನೆಗಳಿಗೆ ಅಂಥ ಸಮಯವಿರಲಿಲ್ಲ. ಯಾರು ಏಳಬೇಕು, ಎಲ್ಲಿಗೆ ಹೋಗಬೇಕು, ಅಜ್ಜಿಯನ್ನು ಯಾರು ಕರೆದುಕೊಂಡು ಬರಬೇಕು ಎಂಬುದನ್ನು ಮಧ್ಯರಾತ್ರಿ ಫೋನಿನಲ್ಲಿ ತೀರ್ಮಾನಿಸಬೇಕಾಯಿತು.

ಈ ಲೇಖನ ಇರುವುದು ಆ ತೀರ್ಮಾನಗಳನ್ನು ಹಗಲಿನಲ್ಲಿ, ಮೊದಲೇ ಮಾಡಿಕೊಳ್ಳುವ ಬಗ್ಗೆ.

ಮೊದಲು ನಡೆದದ್ದನ್ನು ಸರಿಯಾಗಿ ತಿಳಿಯೋಣ. ಗೇಟ್ ಹೋಗುವುದೂ ಅಣೆಕಟ್ಟು ಒಡೆಯುವುದೂ ಒಂದೇ ಅಲ್ಲ. ಅಣೆಕಟ್ಟಿಗೆ 33 ಗೇಟುಗಳಿವೆ, ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಒಂದು ಗೇಟ್ ಹೋದ ಜಾಗದಿಂದಲೇ ಸುಮಾರು 35,000 ಕ್ಯೂಸೆಕ್ ನೀರು ಹರಿಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ಒಟ್ಟು ಒಂದು ಲಕ್ಷ ಕ್ಯೂಸೆಕ್ ಆಸುಪಾಸು ನದಿಗೆ ಬಿಟ್ಟರು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ, ಆಗಸ್ಟ್ 17ರ ಹೊತ್ತಿಗೆ ಸೋರಿಕೆ ನಿಲ್ಲಿಸಲಾಯಿತು. ಇನ್ನೊಂದು ಸಂಗತಿ ಗಮನಿಸಿ. 2019ರ ಆಗಸ್ಟ್ ಪ್ರವಾಹದಲ್ಲಿ ಇದೇ ನದಿಗೆ ಎರಡು ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹರಿದಿತ್ತು. ಅಂದರೆ 2024ರಲ್ಲಿ ಭಯ ದೊಡ್ಡದಿತ್ತು, ನೀರು ಕಡಿಮೆಯಿತ್ತು. ಅಂಕಿ ಗೊತ್ತಿದ್ದ ಮನೆ ಆ ರಾತ್ರಿ ಸ್ವಲ್ಪ ನೆಮ್ಮದಿಯಿಂದ ಯೋಚಿಸಬಹುದಿತ್ತು.

ಆದ್ದರಿಂದ ಯೋಜನೆಯ ಮೊದಲ ಸಾಲು ನಿಮ್ಮ ಮನೆಯ ಕ್ಯೂಸೆಕ್ ಲೆಕ್ಕ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಒಂದು ಲಕ್ಷ ಕ್ಯೂಸೆಕ್ ಇಡೀ ದಿನ ಹರಿದರೆ ಎಂಟೂವರೆ ಟಿಎಂಸಿಗೂ ಹೆಚ್ಚು ನೀರು ಖಾಲಿಯಾಗುತ್ತದೆ. ಒಂದು ಲಕ್ಷ ದಾಟಿದರೆ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ. ಇನ್ನೂ ಹೆಚ್ಚಿದರೆ ಕಂಪ್ಲಿ–ಗಂಗಾವತಿ ಸೇತುವೆಯ ಮೇಲೆ ಸಂಚಾರ ನಿಲ್ಲಿಸುತ್ತಾರೆ. ನಿಮ್ಮ ಬೀದಿಗೆ, ನಿಮ್ಮ ಅಂಗಡಿಯ ಮೆಟ್ಟಿಲಿಗೆ ನೀರು ಬಂದದ್ದು ಯಾವ ವರ್ಷ, ಆಗ ನದಿಗೆ ಬಿಟ್ಟದ್ದು ಎಷ್ಟು ಎಂದು ಓಣಿಯ ಹಿರಿಯರನ್ನು ಕೇಳಿ ಬರೆದಿಡಿ. ಆ ಅಂಕಿಗಿಂತ ಸಾಕಷ್ಟು ಕೆಳಗೆ ಒಂದು ಗೆರೆ ಎಳೆಯಿರಿ: ‘ಇಷ್ಟಾದರೆ ಹೊರಡುತ್ತೇವೆ.’ ನದಿಗೆ ನೀರು ಬಿಡುವ ಮುನ್ನ ಆಡಳಿತ ಎಚ್ಚರಿಕೆ ಕೊಡುತ್ತದೆ. ಆ ಪ್ರಕಟಣೆಯ ಅಂಕಿಯನ್ನು ನಿಮ್ಮ ಗೆರೆಯೊಂದಿಗೆ ಹೋಲಿಸಿದರೆ ವಾಟ್ಸ್ಆ್ಯಪ್‌ನಲ್ಲಿ ಬರುವ ‘ಡ್ಯಾಮ್ ಒಡೆದಿದೆ’ ಸಂದೇಶವನ್ನು ನಂಬಿ ಓಡುವುದೂ ತಪ್ಪುತ್ತದೆ, ನಂಬದೆ ಕೂರುವುದೂ ತಪ್ಪುತ್ತದೆ.

ಎರಡನೆಯದು, ಎಲ್ಲಿಗೆ? ಇಲ್ಲಿ ಮರಿಯಮ್ಮನಹಳ್ಳಿಯವರಿಗೆ ವಿಶೇಷ ಜವಾಬ್ದಾರಿಯಿದೆ. ನಮ್ಮೂರು ಅಣೆಕಟ್ಟಿನ ಮೇಲ್ಭಾಗದಲ್ಲಿದೆ. ಗೇಟ್ ತೆರೆದರೆ ನೀರು ನಮ್ಮಿಂದ ಆಚೆಗೆ ಹೋಗುತ್ತದೆಯೇ ಹೊರತು ನಮ್ಮ ಕಡೆಗೆ ಬರುವುದಿಲ್ಲ. ಹೊಸಪೇಟೆಯಿಂದ ಹೆದ್ದಾರಿಯಲ್ಲಿ ಅರ್ಧ ಗಂಟೆಯ ದಾರಿ. ಕಂಪ್ಲಿಯಲ್ಲೋ ಹಂಪಿ ಕಡೆಯೋ ಮಗಳನ್ನು ಕೊಟ್ಟವರು, ತಮ್ಮನ ಅಂಗಡಿ ಇರುವವರು ‘ತೊಂದರೆಯಾದರೆ ಬನ್ನಿ’ ಎಂದರೆ ಸಾಲದು. ಎಷ್ಟು ಜನ ಬರಬಹುದು, ಯಾವ ಕೋಣೆ, ಹಾಸಿಗೆ ಎಷ್ಟು ಎಂದು ಈಗಲೇ ಮಾತಾಡಿ. ಬೀಗರ ಮನೆಗೆ ರಾತ್ರೋರಾತ್ರಿ ಹೋಗಲು ಹಿರಿಯರು ಹಿಂಜರಿಯುತ್ತಾರೆ. ಆ ಸಂಕೋಚವನ್ನು ಕರೆಯುವವರೇ ಮೊದಲು ಮುರಿಯಬೇಕು. ಸಂಡೂರು ಗುಡ್ಡದ ಊರು, ನದಿಯ ಭಯವಿಲ್ಲ. ಆದರೆ ಮಳೆಯ ರಾತ್ರಿ ಆ ಗುಡ್ಡದ ರಸ್ತೆಯನ್ನು ಆಯ್ದುಕೊಳ್ಳುವ ಮುನ್ನ ಯೋಚಿಸಿ.

ಸೇರುವ ಜಾಗ ಎರಡಿರಲಿ. ಒಂದು ಓಣಿಯಲ್ಲೇ ಎತ್ತರದ ಜಾಗ, ಇನ್ನೊಂದು ಊರಾಚೆ. ಫೋನ್ ಸಿಗದಿದ್ದರೆ ಎಲ್ಲರೂ ಸುದ್ದಿ ಮುಟ್ಟಿಸಲು ದಾವಣಗೆರೆಯಲ್ಲೋ ಬೆಂಗಳೂರಿನಲ್ಲೋ ಇರುವ ಒಬ್ಬ ಬಂಧುವನ್ನು ಗೊತ್ತುಮಾಡಿ. ಕರೆ ಹೋಗದಾಗಲೂ ಎಸ್ಸೆಮ್ಮೆಸ್ ಹೋಗುವುದುಂಟು. ಮಕ್ಕಳನ್ನು ಶಾಲೆಯಿಂದ ಯಾರು ತರುತ್ತಾರೆ, ಅಜ್ಜ-ಅಜ್ಜಿಯ ಜೊತೆ ಯಾರಿರುತ್ತಾರೆ ಎಂಬುದಕ್ಕೆ ಹೆಸರು ಬರೆಯಿರಿ. ‘ಯಾರಾದರೂ’ ಎಂದು ಬರೆದರೆ ಯಾರೂ ಹೋಗುವುದಿಲ್ಲ.

ಇಷ್ಟನ್ನೂ ಒಂದು ಹಾಳೆಯಲ್ಲಿ ಕೈಯಿಂದ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಮೊಬೈಲಿನಲ್ಲಿ ಇದೆಯಲ್ಲ ಎನ್ನಬೇಡಿ, ಚಾರ್ಜ್ ಮುಗಿದ ಮೇಲೆ ಹೆಂಡತಿಯ ನಂಬರೂ ನೆನಪಾಗುವುದಿಲ್ಲ. ಜೊತೆಗೆ 112 (ಎಲ್ಲ ತುರ್ತಿಗೂ), 108 (ಆಂಬುಲೆನ್ಸ್), 101 (ಅಗ್ನಿಶಾಮಕ), 1077 (ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ), 1912 (ವಿದ್ಯುತ್) ಬರೆಯಿರಿ.

ಚೀಲದಲ್ಲಿ ಏನಿರಬೇಕು? ಆಧಾರ್, ರೇಷನ್ ಕಾರ್ಡ್, ಆಸ್ತಿಪತ್ರ, ವಿಮೆಯ ಪ್ರತಿಗಳು ಪ್ಲಾಸ್ಟಿಕ್ ಕವರಿನಲ್ಲಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಒಂದು ವಾರಕ್ಕೆ, ವೈದ್ಯರ ಚೀಟಿಯೊಂದಿಗೆ. ಟಾರ್ಚ್, ಪವರ್ ಬ್ಯಾಂಕ್, ಸ್ವಲ್ಪ ನಗದು, ಓಆರ್‌ಎಸ್. ಊಟದ ವಿಷಯದಲ್ಲಿ ನಮ್ಮ ಮನೆಗಳಿಗೆ ಬೇರೆಯದೇ ಯೋಚನೆ ಬೇಕು. ಗಂಜಿ ಕೇಂದ್ರದಲ್ಲಿ ಅಡುಗೆ ಇಳಿಯುವ ಹೊತ್ತಿಗೆ ಸೂರ್ಯ ಮುಳುಗಿರಬಹುದು, ಸಾಂಬಾರಿನಲ್ಲಿ ಈರುಳ್ಳಿ, ಆಲೂಗಡ್ಡೆ ಇರಬಹುದು. ನೂರಾರು ಜನರಿಗೆ ಬೇಯಿಸುವವರ ಮುಂದೆ ಅದನ್ನು ದೂರಾಗಿ ಹೇಳುವುದು ಸರಿಯಲ್ಲ. ಅದೃಷ್ಟಕ್ಕೆ ನಮ್ಮ ಸೀಮೆಯ ಊಟವೇ ಇದಕ್ಕೆ ಒದಗುತ್ತದೆ: ಖಡಕ್ ಜೋಳದ ರೊಟ್ಟಿ, ಶೇಂಗಾ, ಹುರಿಗಡಲೆ, ಅವಲಕ್ಕಿ, ಮಂಡಕ್ಕಿ, ಬೆಲ್ಲ. ಒಲೆ ಬೇಡ, ಮೂರು ದಿನ ಸಾಗುತ್ತದೆ. ಹಿಟ್ಟಿಗೆ ಕಾಲಮಿತಿ ಪಾಲಿಸುವ ವ್ರತಸ್ಥರಿಗೆ ಕಾಳನ್ನೇ ಹುರಿದಿಡಿ. ಹೊರಡುವುದು ಸಂಜೆಯಾದರೆ ಮೊದಲು ಹಿರಿಯರಿಗೆ ಊಟ ಬಡಿಸಿ, ನೀರು ಕೊಡಿ; ದಾರಿಯಲ್ಲಿ ಕತ್ತಲಾದರೆ ಅವರು ಮರುದಿನದವರೆಗೆ ಏನನ್ನೂ ಮುಟ್ಟುವುದಿಲ್ಲ. ಉಪವಾಸದಲ್ಲಿರುವವರ ಹೆಸರು ಹಾಳೆಯಲ್ಲಿರಲಿ, ಅವರನ್ನು ನಡೆಸಬೇಡಿ.

ನೀರಿನ ಬಗ್ಗೆ ಒಂದು ಮಾತು ನೇರವಾಗಿ ಹೇಳಬೇಕು. ಬಟ್ಟೆಯಲ್ಲಿ ಗಾಳಿಸಿದರೆ ಸಾಕು ಎಂಬ ನಂಬಿಕೆ ಪ್ರವಾಹದ ದಿನಗಳಲ್ಲಿ ನಡೆಯುವುದಿಲ್ಲ. ಬಟ್ಟೆ ಕಸವನ್ನೂ ಸಣ್ಣ ಜೀವಿಗಳನ್ನೂ ತಡೆಯುತ್ತದೆ, ವಾಂತಿಭೇದಿ ತರುವ ರೋಗಾಣು ಅದರ ಮೂಲಕ ಹಾದುಹೋಗುತ್ತದೆ. ಗಾಳಿಸಿದ ನೀರನ್ನು ಕನಿಷ್ಠ ಒಂದು ನಿಮಿಷ ಕೊತಕೊತ ಕುದಿಸಿ. ಬಿಸಿನೀರೇ ಕುಡಿಯುವ ಮನೆಗಳಿಗೆ ಇದು ಹೊಸದೇನಲ್ಲ. ಕುಡಿಯಲು ತಲೆಗೆ ದಿನಕ್ಕೆ ಮೂರು ಲೀಟರ್‌ನಂತೆ ಮೂರು ದಿನಕ್ಕೆ ತುಂಬಿಡಿ.

ನಮ್ಮಲ್ಲಿ ವ್ಯಾಪಾರಸ್ಥರು ಹೆಚ್ಚು. ಮನೆಯವರೆಲ್ಲ ಹೊರಟ ಮೇಲೂ ‘ಇನ್ನೆರಡು ಮೂಟೆ ಅಟ್ಟಕ್ಕೆ ಏರಿಸಿ ಬರುತ್ತೇನೆ’ ಎಂದು ಅಂಗಡಿಯಲ್ಲಿ ಉಳಿಯುವವರೇ ಅಪಾಯಕ್ಕೆ ಸಿಕ್ಕುತ್ತಾರೆ. ಸರಕು ಏರಿಸಲು ಬೇರೆ ಗೆರೆ ಇಡಿ, ಅದು ಹೊರಡುವ ಗೆರೆಗಿಂತ ಬಹಳ ಕೆಳಗಿರಲಿ. ಅಂಗಡಿಯ ವಿಮೆಯಲ್ಲಿ ಪ್ರವಾಹ ಸೇರಿದೆಯೇ ಎಂದು ಪಾಲಿಸಿ ತೆಗೆದು ಓದಿ. ಕೆಲಸದವರ ಮನೆ ತಗ್ಗಿನಲ್ಲಿದೆಯೇ, ಅವರಿಗೆ ಗಾಡಿ ಇದೆಯೇ ಎಂಬುದೂ ನಿಮ್ಮ ಹಾಳೆಗೆ ಸೇರಬೇಕು. ದನಕರುಗಳಿದ್ದರೆ ಕರೆದೊಯ್ಯಲಾಗದಿದ್ದರೂ ಹಗ್ಗ ಬಿಚ್ಚಿ ಬಿಡಿ.

ಮಳೆಗಾಲವೇ ಚಾತುರ್ಮಾಸ. ಊರಿನಲ್ಲಿ ತ್ಯಾಗಿಗಳು ತಂಗಿದ್ದರೆ ಅವರು ವಾಹನ ಏರುವುದಿಲ್ಲ, ರಾತ್ರಿ ವಿಹಾರ ಮಾಡುವುದಿಲ್ಲ. ನಾವು ಅರ್ಧ ಗಂಟೆಯಲ್ಲಿ ಹೋಗುವ ದೂರಕ್ಕೆ ಅವರಿಗೆ ಅರ್ಧ ದಿನ ಬೇಕು. ಬಸದಿಯ ಸಮಿತಿಯವರು ಪೂಜ್ಯರೊಂದಿಗೆ ಮೊದಲೇ ಮಾತಾಡಿ, ಹತ್ತಿರದಲ್ಲೇ ಎತ್ತರದ ಕಟ್ಟಡವನ್ನು ಗೊತ್ತುಮಾಡಿಕೊಳ್ಳಲಿ.

ಯಾತ್ರಿಕರಿಗೂ ಎಚ್ಚರ ಬೇಕು. ಕಮಲಾಪುರದ ಬಳಿ 1385ರಲ್ಲಿ ಇರುಗಪ್ಪ ದಂಡನಾಯಕ ಕಟ್ಟಿಸಿದ ಗಾಣಗಿತ್ತಿ ಬಸದಿ ನೋಡಲು ಬಂದವರು ಹೊಳೆ ದಾಟಲು ಆಸೆಪಡುತ್ತಾರೆ. 2019ರಲ್ಲಿ ವಿರೂಪಾಪುರಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಹಾಕಿಕೊಂಡಾಗ ರಕ್ಷಣೆಗೆ ಹೋದ ದೋಣಿಯೇ ಮಗುಚಿತ್ತು. ನೀರು ಏರುವಾಗ ತೆಪ್ಪ ಬೇಡ. ಹರಿಯುವ ನೀರು ಅರ್ಧ ಅಡಿಯಿದ್ದರೂ ಕಾಲು ತಪ್ಪಿಸುತ್ತದೆ, ಎರಡು ಅಡಿಯಾದರೆ ಕಾರನ್ನೇ ತೇಲಿಸುತ್ತದೆ.

ಮರಿಯಮ್ಮನಹಳ್ಳಿಯ ಮನೆಗಳಿಗೆ ನದಿಗಿಂತ ಹತ್ತಿರದ ಅಪಾಯ ಮಣ್ಣಿನ ಗೋಡೆ ಮತ್ತು ಸಿಡಿಲು. ಎರಡು ದಿನ ಬಿಡದೆ ಮಳೆ ಹೊಡೆದರೆ ಹಳೆಯ ಗೋಡೆಯ ಪಕ್ಕ ಹಾಸಿಗೆ ಹಾಕಬೇಡಿ. ಗುಡುಗು ಕೇಳಿದರೆ ಮರದ ಕೆಳಗಲ್ಲ, ಮನೆಯೊಳಗೆ. ‘ಸಿಡಿಲು’, ‘ದಾಮಿನಿ’ ಆ್ಯಪ್‌ಗಳು ಮುನ್ಸೂಚನೆ ಕೊಡುತ್ತವೆ. ಮನೆ ಬಿಡುವಾಗ ಮೇನ್ ಸ್ವಿಚ್ ಮತ್ತು ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡುವವರು ಯಾರೆಂದು ಹಾಳೆಯಲ್ಲಿ ಬರೆಯಿರಿ.

ಒಂದು ಭಾನುವಾರ ಗಡಿಯಾರ ಹಿಡಿದು ಮನೆಮಂದಿಯೆಲ್ಲ ಒಮ್ಮೆ ಹೊರಟು ನೋಡಿ. ಹತ್ತು ನಿಮಿಷ ಎಂದುಕೊಂಡದ್ದು ನಲವತ್ತಾಗುತ್ತದೆ, ಬೀರುವಿನ ಕೀಲಿ ಸಿಗುವುದಿಲ್ಲ, ಅಜ್ಜಿಯ ಕನ್ನಡಕ ಮರೆತಿರುತ್ತದೆ. ಪ್ರತಿ ವರ್ಷ ಚಾತುರ್ಮಾಸ ಆರಂಭವಾಗುವ ವಾರ ಚೀಲ ತೆರೆದು ಮಾತ್ರೆಗಳ ತಾರೀಖು ನೋಡಿ, ಬದಲಾದ ನಂಬರುಗಳನ್ನು ತಿದ್ದಿ. ಹೋದ ವರ್ಷದ ಶೇಂಗಾ ಕಮಟು ಹಿಡಿದಿರುತ್ತದೆ, ತೆಗೆದು ಹೊಸದು ತುಂಬಿ.